ಸರ್ವರ್ ಹೇಳದೆ ಕೇಳದೆ ರೀಬೂಟ್ ಆಗಿದ್ದರೆ: ಕಾರಣ ಹುಡುಕುವ ಕ್ರಮ, ಒಳಗೆ ಯಾರಾದರೂ ಹೊಕ್ಕಿದ್ದಾರೆಯೇ ಎಂದು ನೋಡುವ ಬಗೆ

ಬೆಳಿಗ್ಗೆ ಹೋಟೆಲಿನ ಬಿಲ್ಲಿಂಗ್ ನಿಂತಿದೆ, ಇಲ್ಲವೇ ಪತ್‌ಪೇಢಿಯ (ಸಹಕಾರಿ ಪತ್ತಿನ ಸಂಘದ) ಕೌಂಟರಿನಲ್ಲಿ ಪಾಸ್‌ಬುಕ್ ಪ್ರಿಂಟ್ ಆಗುತ್ತಿಲ್ಲ. ನೋಡಿದರೆ ಸರ್ವರ್ ರಾತ್ರಿ ಮೂರೂಕಾಲಿಗೆ ತಾನಾಗಿ ಒಮ್ಮೆ ಆಫ್ ಆಗಿ ಆನ್ ಆಗಿದೆ. ಮುಂಬೈ, ಪುಣೆ, ಗೋವೆಯಲ್ಲಿ ನಮ್ಮ ಕನ್ನಡಿಗರ ಸಣ್ಣ ಕಚೇರಿಗಳ ಸರ್ವರ್ ನೋಡಿಕೊಳ್ಳುವವರು ಇಲ್ಲಿ ಎಡವುವುದು ಹೆಚ್ಚುಕಡಿಮೆ ಒಂದೇ ಕಡೆ: ನೋಡುವ ಮೊದಲೇ ರಿಪೇರಿಗೆ ಕೈ ಹಾಕುತ್ತಾರೆ. ಇನ್ನೊಮ್ಮೆ ರೀಸ್ಟಾರ್ಟ್, ಮೇಲೊಂದು ಅಪ್‌ಡೇಟ್, ಕೊನೆಗೆ ಆಂಟಿವೈರಸ್. ಮಧ್ಯಾಹ್ನದ ಹೊತ್ತಿಗೆ ಯಂತ್ರ ಓಡುತ್ತಿರುತ್ತದೆ, ಕಾರಣದ ಗುರುತು ಮಾತ್ರ ಅಳಿಸಿಹೋಗಿರುತ್ತದೆ. ವಾರ ಕಳೆದ ಮೇಲೆ ಮತ್ತೆ ಅದೇ ಕಥೆ.

ಇಲ್ಲಿನ ಹಂತಗಳು ಲಿನಕ್ಸ್ ಸರ್ವರ್‌ಗೆ. ಕಮಾಂಡ್ ಮತ್ತು ಫೋಲ್ಡರ್ ಹೆಸರುಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಕೊಟ್ಟಿದೆ. ಟೈಪ್ ಮಾಡುವಾಗ, ದೊಡ್ಡಕ್ಷರ ಎಂದು ಹೇಳಿದ ಕಡೆ ಬಿಟ್ಟು, ಎಲ್ಲವೂ ಇಂಗ್ಲಿಷ್ ಸಣ್ಣಕ್ಷರ. ಹಂತಗಳ ಕ್ರಮ ಬದಲಿಸಬೇಡಿ. ಒಂದೇ ವಿನಾಯಿತಿ: ಯಾರೋ ಒಳಗಿದ್ದಾರೆ ಎಂಬ ಅನುಮಾನ ಮೊದಲೇ ಗಟ್ಟಿಯಾಗಿದ್ದರೆ, ಎರಡನೇ ಹಂತ ಮುಗಿದ ತಕ್ಷಣ ಆರಕ್ಕೆ ಹೋಗಿ, ಆಮೇಲೆ ಮೂರಕ್ಕೆ ಬನ್ನಿ.

## ಮೊದಲು ಕೈಯಲ್ಲಿ ಇರಬೇಕಾದದ್ದು

ಬೇರೊಂದು ಲ್ಯಾಪ್‌ಟಾಪ್, ನಂಬಿಕೆಯದ್ದು. ಸರ್ವರಿನ ಡಿಸ್ಕ್‌ಗಿಂತ ದೊಡ್ಡ ಖಾಲಿ ಹಾರ್ಡ್ ಡಿಸ್ಕ್, ಯುಎಸ್‌ಬಿ 3 ಆದರೆ ಒಳ್ಳೆಯದು. ಸರ್ವರಿಗೆ ಐಪಿಎಂಐ, ಅಂದರೆ ಯಂತ್ರವನ್ನು ಹೊರಗಿನಿಂದ ನೋಡಿಕೊಳ್ಳುವ ಮದರ್‌ಬೋರ್ಡಿನ ವ್ಯವಸ್ಥೆ, ಇದ್ದರೆ (ಡೆಲ್‌ನಲ್ಲಿ ಐಡ್ರ್ಯಾಕ್, ಎಚ್‌ಪಿಯಲ್ಲಿ ಐಎಲ್ಒ) ಅದರ ಪಾಸ್‌ವರ್ಡ್. ಕ್ಲೌಡ್ ಆದರೆ ಅಕೌಂಟಿನ ಲಾಗಿನ್. ಇದರ ಜೊತೆಗೆ ಒಂದು ಪುಸ್ತಕ, ಒಂದು ಪೆನ್ನು. ಏನು ಮಾಡಿದಿರಿ, ಎಷ್ಟು ಗಂಟೆಗೆ ಮಾಡಿದಿರಿ ಎಂದು ಬರೆಯುತ್ತ ಹೋಗಿ. ಇಲ್ಲದಿದ್ದರೆ ಸಂಜೆ ಹೊತ್ತಿಗೆ ನಿಮ್ಮದೇ ಲಾಗಿನ್ ನಿಮಗೆ ಕಳ್ಳನ ಲಾಗಿನ್ ಹಾಗೆ ಕಾಣುತ್ತದೆ.

## ಹಂತ 1: ಮುಟ್ಟುವ ಮೊದಲು ನಿಲ್ಲಿ

ಮತ್ತೆ ರೀಬೂಟ್ ಮಾಡಬೇಡಿ. ಈಗ ಮೆಮೊರಿಯಲ್ಲಿ ಓಡುತ್ತಿರುವ ಕಳ್ಳ ಪ್ರೋಗ್ರಾಂ ಅದರಿಂದ ಮಾಯವಾಗುತ್ತದೆ. ಡಿಸ್ಕಿಗೆ ಬರೆಯದೆ ಮೆಮೊರಿಯಲ್ಲಷ್ಟೇ ಇಟ್ಟುಕೊಂಡಿದ್ದ ಲಾಗ್ ಕೂಡ ಹೋಗುತ್ತದೆ.

ಅಪ್‌ಡೇಟ್ ಮಾಡಬೇಡಿ. ನೂರಾರು ಸಿಸ್ಟಂ ಫೈಲುಗಳ ತಾರೀಕು ಒಂದೇ ಏಟಿಗೆ ಇಂದಿನದಾಗುತ್ತದೆ. ನಿನ್ನೆ ರಾತ್ರಿ ಬದಲಾದ ಒಂದು ಫೈಲ್ ಆ ಗುಂಪಿನಲ್ಲಿ ಸಿಗುವುದಿಲ್ಲ. ಆಂಟಿವೈರಸ್ ಸ್ಕ್ಯಾನ್ ಕೂಡ ಬೇಡ, ಅದು ಎಲ್ಲ ಫೈಲುಗಳನ್ನೂ ತೆರೆದು ‘ಕೊನೆಯ ಸಲ ಓದಿದ್ದು ಯಾವಾಗ’ ಎಂಬ ಗುರುತನ್ನು ಕೆಡಿಸುತ್ತದೆ.

ಅನುಮಾನದ ಯಂತ್ರಕ್ಕೆ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಲಾಗಿನ್ ಆಗುವ ದಾರಿ) ಹೋಗಿ ರೂಟ್, ಅಂದರೆ ಸರ್ವಾಧಿಕಾರವಿರುವ ಯೂಸರ್‌ನ, ಪಾಸ್‌ವರ್ಡ್ ಒತ್ತಬೇಡಿ. ಎಸ್‌ಎಸ್‌ಎಚ್ ಪ್ರೋಗ್ರಾಮನ್ನೇ ಬದಲಿಸಿ, ಒತ್ತಿದ ಪಾಸ್‌ವರ್ಡನ್ನೆಲ್ಲ ಒಂದು ಫೈಲಿಗೆ ಬರೆಯುವಂತೆ ಮಾಡುವುದು ಹಳೆಯ ಉಪಾಯ. ಏಜೆಂಟ್ ಫಾರ್ವರ್ಡಿಂಗ್, ಅಂದರೆ ದೊಡ್ಡ ‘ಎ’ ಆಪ್ಶನ್, ಇನ್ನೂ ಅಪಾಯ: ನೀವು ಒಳಗಿರುವಷ್ಟು ಹೊತ್ತು ಆ ಯಂತ್ರದ ರೂಟ್ ನಿಮ್ಮ ಕೀ ಬಳಸಿ ಬೇರೆ ಸರ್ವರುಗಳಿಗೂ ನುಗ್ಗಬಹುದು. ಸಾಧ್ಯವಾದರೆ ಸ್ಕ್ರೀನ್, ಕೀಬೋರ್ಡ್ ಜೋಡಿಸಿ ಎದುರು ಕೂತೇ ಕೆಲಸ ಮಾಡಿ.

ನೆಟ್‌ವರ್ಕ್ ಕತ್ತರಿಸಬೇಕೆನಿಸಿದರೆ ಸ್ವಿಚ್‌ನಲ್ಲಿ ಕೇಬಲ್ ತೆಗೆಯಿರಿ. ಕ್ಲೌಡ್ ಆದರೆ ನಿಮ್ಮ ಐಪಿ ಒಂದನ್ನು ಬಿಟ್ಟು ಬೇರೆಲ್ಲವನ್ನೂ ತಡೆಯುವ ಸೆಕ್ಯುರಿಟಿ ಗ್ರೂಪ್ ಹಾಕಿ. ಪವರ್ ಬಟನ್ ಮುಟ್ಟಬೇಡಿ.

## ಹಂತ 2: ಗಡಿಯಾರ ಸರಿಮಾಡಿಕೊಳ್ಳಿ

‘ಡೇಟ್’ ಹೊಡೆದು ಬಂದ ಹೊತ್ತನ್ನೂ ಮೊಬೈಲಿನ ಹೊತ್ತನ್ನೂ ಪಕ್ಕಪಕ್ಕ ಬರೆಯಿರಿ. ‘ಟೈಮ್‌ಡೇಟ್‌ಸಿಟಿಎಲ್’ನಲ್ಲಿ ಟೈಮ್‌ಜೋನ್ ನೋಡಿ. ಕ್ಲೌಡ್ ಸರ್ವರುಗಳು ಬಹುಪಾಲು ಯುಟಿಸಿಯಲ್ಲಿರುತ್ತವೆ, ನಮ್ಮ ಗಡಿಯಾರಕ್ಕಿಂತ 5 ಗಂಟೆ 30 ನಿಮಿಷ ಹಿಂದೆ. ಲಾಗಿನಲ್ಲಿ ರಾತ್ರಿ 9:47 ಎಂದಿದ್ದರೆ ಇಲ್ಲಿ ಮರುದಿನದ ಬೆಳಗಿನ ಜಾವ 3:17. ಫೈರ್‌ವಾಲ್ ಒಂದು ಹೊತ್ತು ಹೇಳುತ್ತದೆ, ಸರ್ವರ್ ಇನ್ನೊಂದು, ಸಿಸಿಟಿವಿ ಮತ್ತೊಂದು. ಎಲ್ಲವನ್ನೂ ಭಾರತೀಯ ಸಮಯಕ್ಕೆ ತಂದು ಒಂದೇ ಪಟ್ಟಿ ಮಾಡದಿದ್ದರೆ ಮುಂದಿನ ಹಂತಗಳೆಲ್ಲ ದಿಕ್ಕು ತಪ್ಪುತ್ತವೆ.

ಇನ್ನೊಂದು ಮೋಸವಿದೆ. ಬೂಟ್ ಆಗುವಾಗ ಯಂತ್ರ ಮದರ್‌ಬೋರ್ಡಿನ ಗಡಿಯಾರವನ್ನು ನಂಬುತ್ತದೆ. ನೆಟ್‌ವರ್ಕ್ ಸಿಕ್ಕಿದ ಮೇಲಷ್ಟೇ ಸಮಯ ಸರಿಯಾಗುತ್ತದೆ. ಹಾಗಾಗಿ ಬೂಟ್ ಆದ ಮೊದಲ ಕೆಲವು ಸಾಲುಗಳು ಒಂದು ಹೊತ್ತಿನಲ್ಲಿದ್ದು, ನಡುವೆ ಸರಿಯಾಗಿ ಐದೂವರೆ ಗಂಟೆ ಜಿಗಿದರೆ ಅದು ಕಳ್ಳ ಲಾಗ್ ತಿದ್ದಿದ್ದಲ್ಲ, ಗಡಿಯಾರ ಯುಟಿಸಿಯೋ ಸ್ಥಳೀಯ ಸಮಯವೋ ಎಂಬ ಗೊಂದಲ ಅಷ್ಟೇ. ‘ಅಪ್‌ಟೈಮ್ ಮೈನಸ್ ಎಸ್’, ‘ಹೂ ಮೈನಸ್ ಬಿ’ ಎರಡನ್ನೂ ಹೊಡೆದು ಬೂಟ್ ಆದ ಹೊತ್ತನ್ನು ಬರೆದುಕೊಳ್ಳಿ.

## ಹಂತ 3: ಹೇಳಿ ಮಲಗಿತೋ, ಹೇಳದೆ ಬಿದ್ದಿತೋ

ಇಡೀ ತನಿಖೆ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಯಾರೋ ಆಜ್ಞೆ ಕೊಟ್ಟದ್ದಕ್ಕೆ ಯಂತ್ರ ಕ್ರಮವಾಗಿ ಎಲ್ಲ ನಿಲ್ಲಿಸಿ ಮಲಗಿದರೆ ಹುಡುಕಬೇಕಾದದ್ದು ಆಜ್ಞೆ ಕೊಟ್ಟವರನ್ನು. ನಡೆಯುತ್ತಿದ್ದಂತೆಯೇ ಕುಸಿದು ಬಿದ್ದಿದ್ದರೆ ಹುಡುಕಬೇಕಾದದ್ದು ಕರೆಂಟು, ಹಾರ್ಡ್‌ವೇರ್, ಕರ್ನಲ್ (ಲಿನಕ್ಸ್‌ನ ಒಳತಿರುಳು). ಇದನ್ನು ತೀರ್ಮಾನಿಸದೆ ಹ್ಯಾಕರ್ ಬಂದಿದ್ದಾನೆ ಎಂದು ಗುಲ್ಲೆಬ್ಬಿಸಿದರೆ ಯುಪಿಎಸ್ ಬ್ಯಾಟರಿಯ ಮೇಲೆ ಎಫ್‌ಐಆರ್ ಹಾಕಿದಂತಾಗುತ್ತದೆ.

‘ಲಾಸ್ಟ್ ಮೈನಸ್ ಎಕ್ಸ್’ ಹೊಡೆಯಿರಿ. ‘ರೀಬೂಟ್’ ಸಾಲಿನ ಕೆಳಗೆ ‘ಶಟ್‌ಡೌನ್’ ಸಾಲು ಇದ್ದರೆ ಹೇಳಿ ಮಲಗಿದೆ. ಶಟ್‌ಡೌನ್ ಇಲ್ಲದೆ, ಆ ಹೊತ್ತಿನಲ್ಲಿ ಒಳಗಿದ್ದವರ ಸಾಲಿನ ಕೊನೆಯಲ್ಲಿ ‘ಕ್ರ್ಯಾಶ್’ ಎಂದಿದ್ದರೆ ಬಿದ್ದಿದೆ. ಕ್ರ್ಯಾಶ್ ಎಂಬ ಪದ ಕಂಡು ಗಾಬರಿಯಾಗಬೇಡಿ; ಶಟ್‌ಡೌನ್ ದಾಖಲೆ ಸಿಗಲಿಲ್ಲ ಎಂಬುದಷ್ಟೇ ಅದರ ಅರ್ಥ. ಡೆಬಿಯನ್ 13ರಲ್ಲಿ ‘ಲಾಸ್ಟ್’ ತಾನಾಗಿ ಬರುವುದಿಲ್ಲ, ಅದಕ್ಕೆ ‘ಡಬ್ಲ್ಯುಟಿಎಂಪಿಡಿಬಿ’ ಎಂಬ ಬೇರೆ ಪ್ಯಾಕೇಜ್ ಇದೆ.

ಆಮೇಲೆ ‘ಜರ್ನಲ್‌ಸಿಟಿಎಲ್’ಗೆ ‘ಲಿಸ್ಟ್-ಬೂಟ್ಸ್’ ಆಪ್ಶನ್ ಕೊಡಿ. ಒಂದೇ ಒಂದು ಬೂಟ್ ಕಂಡರೆ ಹಿಂದಿನ ಜರ್ನಲ್ ಮೆಮೊರಿಯಲ್ಲಷ್ಟೇ ಇತ್ತು, ರೀಬೂಟ್ ಜೊತೆಗೇ ಹೋಯಿತು ಎಂದರ್ಥ. /ವಾರ್/ಲಾಗ್ ಒಳಗೆ ‘ಜರ್ನಲ್’ ಎಂಬ ಫೋಲ್ಡರ್ ಇಲ್ಲದ ಯಂತ್ರಗಳಲ್ಲಿ ಹೀಗೆಯೇ ಆಗುತ್ತದೆ. ಆಗ ಅದೇ /ವಾರ್/ಲಾಗ್‌ನಲ್ಲಿ ‘ಮೆಸೇಜಸ್’ ಅಥವಾ ‘ಸಿಸ್‌ಲಾಗ್’ ಫೈಲೇ ಗತಿ. ಎರಡು ಮೂರು ಬೂಟ್ ಕಂಡರೆ ಹಿಂದಿನದನ್ನು, ಅಂದರೆ ‘ಬಿ’ ಆಪ್ಶನ್‌ಗೆ ಮೈನಸ್ 1 ಕೊಟ್ಟು, ಕೊನೆಯಿಂದ ಓದಿ.

ಹತ್ತಿರದಿಂದ ನೋಡೋಣ. ಹೇಳಿ ಮಲಗಿದ ಯಂತ್ರದ ಕೊನೆಯ ಸಾಲುಗಳು ಅಂಗಡಿ ಮುಚ್ಚುವ ಹಾಗಿರುತ್ತವೆ: ಲಾಗಿನ್‌ಡಿಯಿಂದ ‘ಸಿಸ್ಟಮ್ ಈಸ್ ರೀಬೂಟಿಂಗ್’, ಆಮೇಲೆ ಒಂದೊಂದೇ ಸರ್ವಿಸ್ ‘ಸ್ಟಾಪ್ಡ್’, ಡಿಸ್ಕುಗಳು ‘ಅನ್‌ಮೌಂಟೆಡ್’, ಕೊನೆಗೆ ‘ಜರ್ನಲ್ ಸ್ಟಾಪ್ಡ್’. ಬಿದ್ದ ಯಂತ್ರದಲ್ಲಿ ಮಾತು ಅರ್ಧಕ್ಕೇ ನಿಂತಿರುತ್ತದೆ: 03:17:01ಕ್ಕೆ ಎಂದಿನ ಒಂದು ಕ್ರಾನ್ (ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಕೆಲಸದ) ಸಾಲು, ಅದರ ಮುಂದಿನದೇ 03:20:38ಕ್ಕೆ ಹೊಸ ಬೂಟಿನ ಮೊದಲ ಸಾಲು. ಅದರ ಕೆಳಗೆ ಜರ್ನಲ್ ಫೈಲ್ ‘ಕರಪ್ಟೆಡ್ ಆರ್ ಅನ್‌ಕ್ಲೀನ್ಲಿ ಶಟ್ ಡೌನ್’ ಎಂಬ ದೂರು, ಡಿಸ್ಕಿನಿಂದ ‘ರಿಕವರಿ ಕಂಪ್ಲೀಟ್’ ಎಂಬ ಸಾಲು. ಈ ಎರಡು ಇದ್ದರೆ ಅನುಮಾನವೇ ಬೇಡ.

ನಡುವಿನ ಅಂತರವೂ ಮಾತಾಡುತ್ತದೆ. ನಿಜವಾದ ರ‍್ಯಾಕ್ ಸರ್ವರ್ ಮೆಮೊರಿ ಪರೀಕ್ಷೆ ಮುಗಿಸಿ ಏಳಲು ಎರಡರಿಂದ ಐದು ನಿಮಿಷ ಬೇಕು. ವರ್ಚುವಲ್ ಮಷಿನ್‌ಗೆ ಕೆಲವು ಸೆಕೆಂಡು ಸಾಕು. ಅಂತರ ಮೂರು ನಿಮಿಷವಾದರೆ ಬಿದ್ದು ತಕ್ಷಣ ಎದ್ದಿದೆ. ಎರಡು ಗಂಟೆಯಾದರೆ ಒಂದೋ ಕರೆಂಟ್ ಇರಲಿಲ್ಲ, ಇಲ್ಲವೇ ಯಂತ್ರ ಹ್ಯಾಂಗ್ ಆಗಿ ನಿಂತಿದ್ದು ಯಾರೋ ಬಂದು ಬಟನ್ ಒತ್ತಿದ್ದಾರೆ.

## ಹಂತ 4: ಬಿದ್ದಿದ್ದರೆ

ಮೊದಲು ಕರೆಂಟು. ಸರ್ವರಿನ ಪಕ್ಕದ ಯಂತ್ರಗಳನ್ನು ಕೇಳಿ. ರೌಟರಿನ ಅಪ್‌ಟೈಮ್, ಸ್ವಿಚ್ಚಿನ ಅಪ್‌ಟೈಮ್, ಸಿಸಿಟಿವಿ ರೆಕಾರ್ಡಿಂಗಿನಲ್ಲಿ ಆ ಹೊತ್ತಿಗೆ ತೂತು ಇದೆಯೇ. ಮೂರೂ ಒಂದೇ ನಿಮಿಷಕ್ಕೆ ಬಿದ್ದಿದ್ದರೆ ಕೇಸು ಅಲ್ಲಿಗೇ ಮುಗಿಯಿತು. ಬಿಲ್ಡಿಂಗಿನ ವಾಚ್‌ಮನ್‌ಗೆ ‘ಕಾಕಾ, ರಾತ್ರೀ ಲೈಟ್ ಗೇಲೀ ಹೋತೀ ಕಾ?’ (ರಾತ್ರಿ ಕರೆಂಟ್ ಹೋಗಿತ್ತಾ?) ಎಂದು ಒಂದು ಮಾತು ಕೇಳಿದರೆ ಎಷ್ಟೋ ಸಲ ಲಾಗಿಗಿಂತ ಬೇಗ ಉತ್ತರ ಸಿಗುತ್ತದೆ. ಜನರೇಟರ್ ಹಾಕಿದವನು ಅವನೇ. ಪುಣೆಯಲ್ಲಿ ವಿದ್ಯುತ್ ಕಂಪನಿ ಮಹಾವಿತರಣದ ದುರಸ್ತಿ ಕೆಲಸಗಳು ಸಾಮಾನ್ಯವಾಗಿ ಗುರುವಾರ ಬರುತ್ತವೆ, ರೀಬೂಟ್ ಆದದ್ದು ಗುರುವಾರವೇ ಎಂದು ಕ್ಯಾಲೆಂಡರಿನಲ್ಲಿ ನೋಡಿ.

ಕರೆಂಟ್ ಹೋಗದೆಯೂ ಯುಪಿಎಸ್ ಸರ್ವರನ್ನು ಬೀಳಿಸುತ್ತದೆ. ಬಹಳ ಯುಪಿಎಸ್‌ಗಳು ವಾರಕ್ಕೋ ಎರಡು ವಾರಕ್ಕೋ ತಾವೇ ಬ್ಯಾಟರಿ ಪರೀಕ್ಷೆ ಮಾಡಿಕೊಳ್ಳುತ್ತವೆ. ಬ್ಯಾಟರಿ ಸತ್ತಿದ್ದರೆ ಆ ಕೆಲವು ಸೆಕೆಂಡಿನಲ್ಲೇ ಲೋಡ್ ಬೀಳುತ್ತದೆ. ರೀಬೂಟುಗಳು ಸರಿಯಾಗಿ 7 ಅಥವಾ 14 ದಿನಕ್ಕೊಮ್ಮೆ, ಒಂದೇ ಹೊತ್ತಿಗೆ ಆಗುತ್ತಿದ್ದರೆ ಮೊದಲ ಅನುಮಾನ ಇದೇ. ಸೀಸದ ಬ್ಯಾಟರಿ ಮೂರು ವರ್ಷ ದಾಟಿದ್ದರೆ ಪರೀಕ್ಷೆಯೂ ಬೇಡ, ಬದಲಿಸಿ. ಗೋವೆ, ಮುಂಬೈನ ಸಮುದ್ರದ ಪಕ್ಕದ ಕಚೇರಿಗಳಲ್ಲಿ ಮಳೆಗಾಲದ ತೇವಕ್ಕೆ ಪವರ್ ಕನೆಕ್ಟರ್, ಮೆಮೊರಿ ಸ್ಲಾಟ್ ಹಸಿರುಗಟ್ಟುವುದೂ ಇದೆ. ತನಿಖೆ ಮುಗಿದ ಮೇಲೆ ಮುಚ್ಚಳ ತೆಗೆದು ನೋಡಿ, ಮೊದಲಲ್ಲ.

ಎರಡನೆಯದು ಹಾರ್ಡ್‌ವೇರಿನದೇ ದಿನಚರಿ. ‘ಐಪಿಎಂಐಟೂಲ್ ಸೆಲ್ ಈಲಿಸ್ಟ್’ ಹೊಡೆದರೆ ಆಪರೇಟಿಂಗ್ ಸಿಸ್ಟಮ್‌ಗೆ ಸಂಬಂಧವಿಲ್ಲದ, ಮದರ್‌ಬೋರ್ಡ್ ತಾನೇ ಬರೆದುಕೊಂಡ ಪಟ್ಟಿ ಬರುತ್ತದೆ: ಪವರ್ ಸಪ್ಲೈಗೆ ಕರೆಂಟ್ ತಪ್ಪಿದ್ದು, ಉಷ್ಣಾಂಶ ಮಿತಿ ಮೀರಿದ್ದು, ಮೆಮೊರಿ ದೋಷ, ವಾಚ್‌ಡಾಗ್ (ಯಂತ್ರ ಹ್ಯಾಂಗ್ ಆದರೆ ತಾನೇ ಎಬ್ಬಿಸುವ ಕಾವಲು) ರೀಸೆಟ್ ಮಾಡಿದ್ದು. ಒಳಹೊಕ್ಕವರು ಇದನ್ನು ತೊಳೆಯಲು ಮರೆಯುವುದೇ ಹೆಚ್ಚು. ಆದರೆ ಪಟ್ಟಿಯಲ್ಲಿ ಒಂದೇ ಸಾಲು, ಅದೂ ‘ಲಾಗ್ ಕ್ಲಿಯರ್ಡ್’ ಎಂದಿದ್ದು, ನಿಮ್ಮವರು ಯಾರೂ ಮಾಡಿಲ್ಲವಾದರೆ ಅದೇ ದೊಡ್ಡ ಎಚ್ಚರಿಕೆ.

ಉಷ್ಣಾಂಶದ ಸಾಲು ಕಂಡರೆ ಎಸಿ ಕೆಟ್ಟಿದೆ ಎಂದು ಅಲ್ಲಿಗೇ ಬಿಡಬೇಡಿ. ಪ್ರೊಸೆಸರ್ ಯಾಕೆ ಬಿಸಿಯಾಯಿತು? ಕದ್ದು ಕೂರಿಸಿದ ಕ್ರಿಪ್ಟೋ ಮೈನರ್ ಎಲ್ಲ ಕೋರ್‌ಗಳನ್ನೂ ನೂರಕ್ಕೆ ನೂರು ಓಡಿಸಿ ಯಂತ್ರವನ್ನು ಬೀಳಿಸುತ್ತದೆ. ‘ಸಾರ್’ ಅಥವಾ ಮಾನಿಟರಿಂಗ್ ಗ್ರಾಫಿನಲ್ಲಿ ಹಿಂದಿನ ದಿನಗಳ ಸಿಪಿಯು ನೋಡಿ: ಹೋಟೆಲು ಮುಚ್ಚಿದ ಮೇಲೂ ಅದು ಇಳಿಯದೆ ನಿಂತಿದೆಯೇ?

ಮೂರನೆಯದು ಕರ್ನಲ್ ಪ್ಯಾನಿಕ್, ಅಂದರೆ ಸರಿಪಡಿಸಲಾಗದ ದೋಷ ಕಂಡು ಕರ್ನಲ್ ತಾನೇ ಕೈಚೆಲ್ಲುವುದು. /ವಾರ್/ಕ್ರ್ಯಾಶ್ ಫೋಲ್ಡರ್, ಮತ್ತು /ವಾರ್/ಲಿಬ್/ಸಿಸ್ಟಮ್‌ಡಿ/ಪಿಸ್ಟೋರ್ ಎರಡನ್ನೂ ನೋಡಿ. ಪ್ಯಾನಿಕ್ ಆದಾಗಿನ ಕೊನೆಯ ಮಾತುಗಳು ಅಲ್ಲಿ ಉಳಿದಿರಬಹುದು.

‘ಕರ್ನಲ್.ಪ್ಯಾನಿಕ್’ ಎಂಬ ಸೆಟ್ಟಿಂಗ್ ಸೊನ್ನೆ ಇದ್ದರೆ ಪ್ಯಾನಿಕ್ ಆದ ಯಂತ್ರ ಸ್ಕ್ರೀನಿನಲ್ಲಿ ಹಾಗೆಯೇ ನಿಲ್ಲುತ್ತದೆ, ತಾನಾಗಿ ಎದ್ದೇಳುವುದಿಲ್ಲ. ಅಂಥ ಯಂತ್ರದಲ್ಲಿ ವಾಚ್‌ಡಾಗೂ ಇಲ್ಲ, ಕೆಡಂಪೂ (ಪ್ಯಾನಿಕ್ ಆದಾಗ ಮೆಮೊರಿಯ ನಕಲು ಉಳಿಸುವ ವ್ಯವಸ್ಥೆ) ಇಲ್ಲ, ಆದರೂ ಮೂರು ನಿಮಿಷದಲ್ಲಿ ಎದ್ದಿದೆ ಎಂದರೆ ಪ್ಯಾನಿಕ್ ಎಂಬ ವಿವರಣೆ ಸಲ್ಲುವುದಿಲ್ಲ. ಹಾಗೆಯೇ ‘ಔಟ್ ಆಫ್ ಮೆಮೊರಿ’ ಸಾಲು ಕಂಡ ಕೂಡಲೇ ಅದೇ ಕಾರಣ ಎನ್ನಬೇಡಿ. ಮೆಮೊರಿ ಮುಗಿದಾಗ ಎದ್ದುಬರುವ ಓಒಎಂ ಕಿಲ್ಲರ್ ಒಂದು ಪ್ರಾಸೆಸ್ಸನ್ನು ಕೊಲ್ಲುತ್ತದೆಯೇ ಹೊರತು ಯಂತ್ರವನ್ನು ರೀಬೂಟ್ ಮಾಡುವುದಿಲ್ಲ. ಅದಕ್ಕೆ ‘ಪ್ಯಾನಿಕ್ ಆನ್ ಓಒಎಂ’ ಬೇರೆಯಾಗಿ ಹಾಕಿರಬೇಕು.

ಪ್ಯಾನಿಕ್ ಸಾಲುಗಳು ಸಿಕ್ಕಿದರೆ ‘ಕಾಮ್’ ಎಂದಿರುವ ಕಡೆ ಕಣ್ಣಿಡಿ. ಬೀಳುವ ಗಳಿಗೆಯಲ್ಲಿ ಯಾವ ಪ್ರೋಗ್ರಾಂ ಓಡುತ್ತಿತ್ತು ಎಂಬುದು ಅಲ್ಲಿರುತ್ತದೆ. ಡಿಸ್ಕ್ ಅಥವಾ ನೆಟ್‌ವರ್ಕ್ ಡ್ರೈವರಿನ ಹೆಸರಾದರೆ ಮಾಮೂಲು ಬಗ್. ಎಂದೂ ಕೇಳದ ಹೆಸರು, ಅದಕ್ಕೂ ಮೊದಲಿನ ಹತ್ತು ನಿಮಿಷದಲ್ಲಿ ಅದೇ ಹೆಸರಿನ ನಾಲ್ಕೈದು ‘ಸೆಗ್‌ಫಾಲ್ಟ್’ (ತನ್ನದಲ್ಲದ ಮೆಮೊರಿ ಮುಟ್ಟಿ ಪ್ರೋಗ್ರಾಂ ಸತ್ತ) ಸಾಲು ಇದ್ದರೆ ನಿಲ್ಲಿ. ಸಾಮಾನ್ಯ ಯೂಸರ್ ಆಗಿ ನುಗ್ಗಿದವನು ರೂಟ್ ಆಗಲು ಕರ್ನಲ್ ಮೇಲೆ ಪ್ರಯತ್ನ ಮಾಡುತ್ತಾನೆ. ಅಂಥ ಎಕ್ಸ್‌ಪ್ಲಾಯ್ಟ್‌ಗಳು ಗುರಿ ತಪ್ಪಿದಾಗ ಯಂತ್ರವನ್ನೇ ಬೀಳಿಸುತ್ತವೆ. ನೇರವಾಗಿ ಆರನೇ ಹಂತಕ್ಕೆ ಹೋಗಿ.

## ಹಂತ 5: ಹೇಳಿ ಮಲಗಿದ್ದರೆ, ಹೇಳಿದ್ದು ಯಾರು

ಶಟ್‌ಡೌನ್ ಶುರುವಾದ ಸಾಲಿನಿಂದ ಐದು ನಿಮಿಷ ಹಿಂದಕ್ಕೆ ಓದಿ. ‘ಸುಡು’ (ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸುವುದು) ಸಾಲಿನಲ್ಲಿ ಯೂಸರ್ ಹೆಸರು, ಟರ್ಮಿನಲ್, ಕಮಾಂಡ್ ಮೂರೂ ಸಿಗುತ್ತವೆ. ಸಿಕ್ಕಿದ ಹೆಸರಿನವರಿಗೆ ಫೋನ್ ಮಾಡಿ ಕೇಳಿ. ನಾನಲ್ಲ ಎಂದರೆ ಅದು ಉತ್ತರ, ನೆನಪಿಲ್ಲ ಎಂದರೆ ಅಲ್ಲ.

ಉಬುಂಟು, ಡೆಬಿಯನ್ ಯಂತ್ರಗಳಲ್ಲಿ ಅತಿ ಹೆಚ್ಚು ಸಿಕ್ಕಿಬೀಳುವವನು ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’, ಅಂದರೆ ತಾನಾಗಿ ಅಪ್‌ಡೇಟ್ ಹಾಕುವ ಪ್ರೋಗ್ರಾಂ. ಇದರ ಸ್ವಯಂ ರೀಬೂಟ್ ಸೆಟ್ಟಿಂಗ್ ಮೂಲದಲ್ಲಿ ಆಫ್ ಇರುತ್ತದೆ, ಆದರೆ ಯಾರೋ ಎಂದೋ ಆನ್ ಮಾಡಿ ಮರೆತಿರುತ್ತಾರೆ. ಸಮಯ ನಿಗದಿ ಮಾಡದಿದ್ದರೆ ಅಪ್‌ಡೇಟ್ ಮುಗಿದ ಕೂಡಲೇ ಯಂತ್ರ ಮಲಗುತ್ತದೆ. ಆ ಟೈಮರ್ ಓಡುವುದು ಸರ್ವರಿನ ಗಡಿಯಾರದಲ್ಲಿ ಬೆಳಿಗ್ಗೆ 6ರಿಂದ 7ರ ನಡುವೆ. ಸರ್ವರ್ ಯುಟಿಸಿಯಲ್ಲಿದ್ದರೆ ಅದು ಇಲ್ಲಿ 11:30ರಿಂದ 12:30, ಸರಿಯಾಗಿ ಊಟದ ಗಿರಾಕಿಗಳು ಬಂದು ಕೂರುವ ಹೊತ್ತು. ಮಧ್ಯಾಹ್ನದ ರೀಬೂಟ್ ಕಂಡರೆ ಮೊದಲು /ವಾರ್/ಲಾಗ್‌ನಲ್ಲಿ ಇದರ ಫೋಲ್ಡರ್ ತೆರೆಯಿರಿ.

‘ಪವರ್ ಕೀ ಪ್ರೆಸ್ಡ್’ ಎಂದಿದ್ದರೆ ಎರಡು ಅರ್ಥ. ನಿಜವಾದ ಪೆಟ್ಟಿಗೆಯಾದರೆ ಯಾರೋ ಬಟನ್ ಒತ್ತಿದ್ದಾರೆ. ವರ್ಚುವಲ್ ಮಷಿನ್ ಆದರೆ ಬಟನ್ ಎಂಬುದೇ ಇಲ್ಲ. ಹೋಸ್ಟ್ ಯಂತ್ರದಿಂದ ಅಥವಾ ಕ್ಲೌಡ್ ಕನ್ಸೋಲಿನಿಂದ ‘ಮಲಗು’ ಎಂದು ಕಳಿಸಿದ ಸಂಕೇತವೇ ಒಳಗೆ ಹಾಗೆ ದಾಖಲಾಗುತ್ತದೆ. ಇನ್ನೊಂದು ತಮಾಷೆಯ ಕಾರಣ: ಕೌಂಟರಿನ ಹುಡುಗ ವಿಂಡೋಸ್ ಅಭ್ಯಾಸದಲ್ಲಿ ಸರ್ವರಿನ ಕೀಬೋರ್ಡಿನಲ್ಲಿ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತುವುದು. ಲಿನಕ್ಸ್ ಕನ್ಸೋಲಿನಲ್ಲಿ ಅದು ಲಾಗಿನ್ ಪರದೆ ತರುವುದಿಲ್ಲ, ಯಂತ್ರವನ್ನೇ ರೀಬೂಟ್ ಮಾಡುತ್ತದೆ.

ಕ್ಲೌಡಿನಲ್ಲಿ ಹೊರಗಿನ ದಾಖಲೆ ನೋಡಲೇಬೇಕು. ಅಮೆಜಾನಿನ ಎಡಬ್ಲ್ಯೂಎಸ್ ಆದರೆ ಕ್ಲೌಡ್‌ಟ್ರೇಲ್‌ನಲ್ಲಿ ‘ರೀಬೂಟ್ ಇನ್‌ಸ್ಟೆನ್ಸಸ್’, ‘ಸ್ಟಾಪ್ ಇನ್‌ಸ್ಟೆನ್ಸಸ್’ ಹುಡುಕಿ. 90 ದಿನಗಳ ಇತಿಹಾಸ ಪುಕ್ಕಟೆ ಸಿಗುತ್ತದೆ. ಮೇಲೆ ಬಲಗಡೆ ಮುಂಬೈ ರೀಜನ್ ಆಯ್ಕೆಯಾಗಿದೆಯೇ ನೋಡಿಕೊಳ್ಳಿ, ಬೇರೆ ರೀಜನ್ ಇದ್ದರೆ ಪಟ್ಟಿ ಖಾಲಿ ಬರುತ್ತದೆ, ಜನ ಏನೂ ಆಗಿಲ್ಲ ಎಂದು ಹೊರಟುಬಿಡುತ್ತಾರೆ. ಅಜೂರ್‌ನಲ್ಲಿ ಪುಣೆಯ ಡೇಟಾಸೆಂಟರಿಗೆ ‘ಸೆಂಟ್ರಲ್ ಇಂಡಿಯಾ’ ಎಂದು ಹೆಸರು, ಅಲ್ಲಿ ಆಕ್ಟಿವಿಟಿ ಲಾಗ್ ನೋಡಿ. ಯಂತ್ರದ ಒಳಗಿನಿಂದ ಕೊಟ್ಟ ರೀಬೂಟ್ ಇಲ್ಲೆಲ್ಲೂ ಕಾಣುವುದಿಲ್ಲ. ಹಾಗಾಗಿ ಇಲ್ಲಿ ಗುರುತಿಲ್ಲದ ಯೂಸರ್ ಕಂಡರೆ ಕಳ್ಳತನವಾದದ್ದು ಸರ್ವರಿನಲ್ಲಲ್ಲ, ನಿಮ್ಮ ಕ್ಲೌಡ್ ಅಕೌಂಟಿನ ಕೀಯಲ್ಲಿ. ತನಿಖೆಯ ದಾರಿಯೇ ಬೇರೆ: ಮೊದಲು ಆ ಕೀ ರದ್ದು ಮಾಡಿ.

ಇಷ್ಟಾದರೂ ಯಾರೂ ಒಪ್ಪಿಕೊಳ್ಳದ ರೀಬೂಟ್ ಉಳಿದರೆ ಅದನ್ನು ನುಸುಳುವಿಕೆ ಎಂದೇ ಹಿಡಿದು ಮುಂದೆ ಹೋಗಿ. ಹೊಸ ಕರ್ನಲ್ ಮಾಡ್ಯೂಲ್ ಹತ್ತಿಸಲು, ಮೆಮೊರಿಯಲ್ಲಿದ್ದ ಗುರುತು ಅಳಿಸಲು ಬೇಕೆಂದೇ ರೀಬೂಟ್ ಮಾಡುವವರಿದ್ದಾರೆ.

## ಹಂತ 6: ನಕಲು ತೆಗೆದುಕೊಳ್ಳಿ

ಬೇಗ ಅಳಿಯುವುದನ್ನು ಮೊದಲು ಹಿಡಿಯಬೇಕು: ಮೆಮೊರಿ, ಓಡುತ್ತಿರುವ ಪ್ರಾಸೆಸ್ ಮತ್ತು ನೆಟ್‌ವರ್ಕ್ ಸಂಪರ್ಕಗಳು, ಕೊನೆಗೆ ಡಿಸ್ಕ್. ರೀಬೂಟ್ ಮುಂಚಿನ ಮೆಮೊರಿ ಹೋಯಿತು, ನಿಜ. ಆದರೆ ನೆಲೆಯೂರಿದ ಮಾಲ್‌ವೇರ್ ಬೂಟ್ ಜೊತೆ ತಾನೂ ಎದ್ದಿರುತ್ತದೆ, ಆದ್ದರಿಂದ ಈಗಿನ ಮೆಮೊರಿಗೂ ಬೆಲೆಯಿದೆ.

ವರ್ಚುವಲ್ ಮಷಿನ್ ಆದರೆ ಹೋಸ್ಟಿನಿಂದ ಮೆಮೊರಿ ಸಮೇತ ಸ್ನ್ಯಾಪ್‌ಶಾಟ್ ತೆಗೆಯಿರಿ, ಅದಕ್ಕಿಂತ ಸ್ವಚ್ಛ ದಾರಿ ಇಲ್ಲ. ನಿಜವಾದ ಪೆಟ್ಟಿಗೆಯಾದರೆ ಮೈಕ್ರೋಸಾಫ್ಟಿನ ‘ಎವಿಎಂಎಲ್’ ಎಂಬ ಒಂದೇ ಫೈಲಿನ ಪ್ರೋಗ್ರಾಮನ್ನು ಯುಎಸ್‌ಬಿಯಲ್ಲಿ ತಂದು ಓಡಿಸಿ. ಮಾಡ್ಯೂಲ್ ಕಂಪೈಲ್ ಮಾಡುವ ರಗಳೆ ಇಲ್ಲ. ಸೆಕ್ಯೂರ್ ಬೂಟ್ ಜೊತೆ ಕರ್ನಲ್ ಲಾಕ್‌ಡೌನ್ ಇದ್ದರೆ ಅದು ವಿಫಲವಾಗುತ್ತದೆ. ಆಗ ಮೆಮೊರಿ ಬಿಟ್ಟು ‘ಪಿಎಸ್’, ‘ಎಸ್‌ಎಸ್’, ‘ಎಲ್‌ಎಸ್‌ಮಾಡ್’ಗಳ ಉತ್ತರವನ್ನು ಯುಎಸ್‌ಬಿಗೆ ಬರೆದುಕೊಂಡು ಡಿಸ್ಕಿಗೆ ಬನ್ನಿ. ಏನನ್ನೂ ಸರ್ವರಿನ ಡಿಸ್ಕಿಗೇ ಬರೆಯಬೇಡಿ: ಅಳಿಸಿದ ಫೈಲುಗಳ ಅವಶೇಷ ಇರುವುದು ಆ ಖಾಲಿ ಜಾಗದಲ್ಲೇ.

ಹೊತ್ತಿನ ಲೆಕ್ಕ ಮೊದಲೇ ಹಾಕಿ. 500 ಜಿಬಿ ಡಿಸ್ಕನ್ನು ಸೆಕೆಂಡಿಗೆ 100 ಎಂಬಿ ವೇಗದಲ್ಲಿ ನಕಲು ಮಾಡಲು ಸುಮಾರು 83 ನಿಮಿಷ. ಹಳೆಯ ಯುಎಸ್‌ಬಿ 2ರಲ್ಲಿ ಅದೇ ಕೆಲಸಕ್ಕೆ ನಾಲ್ಕು ಗಂಟೆಗೂ ಹತ್ತಿರ. ಮುಗಿದ ಮೇಲೆ ‘ಶಾ256ಸಮ್’ (ನಕಲಿಗೆ ಬೆರಳಚ್ಚಿನಂಥ ಮೊತ್ತ) ತೆಗೆದು ಪುಸ್ತಕದಲ್ಲಿ ಬರೆಯಿರಿ.

ನಕಲನ್ನು ನೋಡುವಾಗ ಎಲ್ಲರೂ ಬೀಳುವ ಹಳ್ಳ: ‘ರೀಡ್ ಓನ್ಲಿ’ ಎಂದು ಮೌಂಟ್ ಮಾಡಿದರೂ ಇಎಕ್ಸ್‌ಟಿ4 ಎಂಬ ಫೈಲ್‌ಸಿಸ್ಟಂ ತನ್ನ ಜರ್ನಲನ್ನು (ಮೇಲೆ ಹೇಳಿದ ಲಾಗ್ ಅಲ್ಲ, ಅರ್ಧಕ್ಕೆ ನಿಂತ ಬರವಣಿಗೆಯ ಪಟ್ಟಿ) ಮರಳಿ ಓಡಿಸಿ ಡಿಸ್ಕಿಗೆ ಬರೆಯುತ್ತದೆ, ಶಾ ಮೊತ್ತ ಬದಲಾಗುತ್ತದೆ. ಜೊತೆಗೆ ‘ನೋಲೋಡ್’ ಆಪ್ಶನ್ ಕೊಡಿ. ಎಕ್ಸ್‌ಎಫ್‌ಎಸ್ ಆದರೆ ‘ನೋರಿಕವರಿ’.

## ಹಂತ 7: ಒಳಗೆ ಬಂದದ್ದರ ಗುರುತು

ಲಾಗಿನ್. ಡೆಬಿಯನ್ ಕಡೆಯವುಗಳಲ್ಲಿ ‘ಆಥ್.ಲಾಗ್’, ರೆಡ್‌ಹ್ಯಾಟ್ ಕಡೆಯವುಗಳಲ್ಲಿ ‘ಸೆಕ್ಯೂರ್’. ಸಾವಿರಾರು ‘ಫೇಲ್ಡ್ ಪಾಸ್‌ವರ್ಡ್’ ಕಂಡು ಎದೆ ಹೊಡೆದುಕೊಳ್ಳಬೇಡಿ, ಇಂಟರ್ನೆಟ್ಟಿಗೆ ತೆರೆದ ಯಾವ ಯಂತ್ರಕ್ಕೂ ಬಾಟ್‌ಗಳು ಹಗಲುರಾತ್ರಿ ಬಾಗಿಲು ತಟ್ಟುತ್ತವೆ. ನೋಡಬೇಕಾದದ್ದು ‘ಅಕ್ಸೆಪ್ಟೆಡ್’ ಸಾಲುಗಳನ್ನು ಮಾತ್ರ: ಯಾವ ಯೂಸರ್, ಯಾವ ಐಪಿ, ಪಾಸ್‌ವರ್ಡೋ ಕೀಯೋ. ನೂರಾರು ಫೇಲ್ಡ್ ಆದ ಮೇಲೆ ಅದೇ ಐಪಿಯಿಂದ ಒಂದು ಅಕ್ಸೆಪ್ಟೆಡ್ ಕಂಡರೆ ಬಾಗಿಲು ಮುರಿದಿದೆ.

ಲಾಗ್ ತಿದ್ದಿದ ಗುರುತು. ಮಾಮೂಲು 64-ಬಿಟ್ ಯಂತ್ರದಲ್ಲಿ ‘ಡಬ್ಲ್ಯುಟಿಎಂಪಿ’ ಎಂಬ ಲಾಗಿನ್ ಫೈಲಿನ ಪ್ರತಿ ದಾಖಲೆ 384 ಬೈಟ್. ಫೈಲಿನ ಗಾತ್ರ 384ರಿಂದ ಭಾಗವಾಗದಿದ್ದರೆ ಯಾರೋ ಒರಟಾಗಿ ಕತ್ತರಿಸಿದ್ದಾರೆ. ರೂಟ್‌ನ ‘ಬ್ಯಾಶ್ ಹಿಸ್ಟರಿ’ ಫೈಲು /ಡೆವ್/ನಲ್‌ಗೆ ಲಿಂಕ್ ಆಗಿದ್ದರೆ, ದಿನವಿಡೀ ಮಾತಾಡುವ ಲಾಗಿನಲ್ಲಿ ರಾತ್ರಿ 2:50ರಿಂದ 3:15ರ ತನಕ ಒಂದೂ ಸಾಲಿಲ್ಲದಿದ್ದರೆ, ಅದೂ ಗುರುತೇ. ಆದರೆ ಲಾಗ್‌ರೊಟೇಟ್ ಆದ ದಿನ ಸೊನ್ನೆ ಬೈಟ್ ಫೈಲ್ ಸಹಜ, ಪಕ್ಕದಲ್ಲಿ ‘.1’ ಎಂಬ ಹಳೆಯದು ಇದೆಯೇ ನೋಡಿ.

ಮರಳಿ ಬರಲು ಇಟ್ಟ ದಾರಿ. ಎಲ್ಲ ಯೂಸರುಗಳ ‘ಆಥರೈಜ್ಡ್ ಕೀಸ್’ ತೆರೆದು, ಪ್ರತಿ ಸಾಲಿನ ಕೊನೆಯ ಹೆಸರನ್ನು ಯಾರದೆಂದು ಗುರುತಿಸಿ. ‘ಪಾಸ್‌ಡಬ್ಲ್ಯೂಡಿ’ ಫೈಲಿನಲ್ಲಿ ರೂಟ್ ಬಿಟ್ಟು ಇನ್ನೊಬ್ಬರಿಗೆ ಯೂಸರ್ ಸಂಖ್ಯೆ 0 ಇರಬಾರದು. ಎಲ್ಲರ ಕ್ರಾನ್‌ಟ್ಯಾಬ್, /ಇಟಿಸಿ/ಕ್ರಾನ್.ಡಿ, ಸಿಸ್ಟಮ್‌ಡಿ ಟೈಮರುಗಳು. ಐದು ನಿಮಿಷಕ್ಕೊಮ್ಮೆ ಯಾವುದೋ ಐಪಿಯಿಂದ ‘ಕರ್ಲ್’ ಮಾಡಿ ನೇರ ಶೆಲ್ಲಿಗೆ ಸುರಿಯುವ ಸಾಲು ಕಂಡರೆ ಅನುಮಾನ ಮುಗಿಯಿತು. /ಇಟಿಸಿಯಲ್ಲಿ ‘ಎಲ್‌ಡಿ.ಎಸ್‌ಒ.ಪ್ರಿಲೋಡ್’ ಎಂಬ ಫೈಲು ಹೆಚ್ಚಿನ ಸರ್ವರುಗಳಲ್ಲಿ ಇರುವುದೇ ಇಲ್ಲ. ಇದ್ದರೆ, ಆ ಯಂತ್ರದಲ್ಲಿ ‘ಎಲ್‌ಎಸ್’, ‘ಪಿಎಸ್’ ಹೇಳುವುದನ್ನು ನಂಬಬೇಡಿ, ನಕಲಿನಲ್ಲಷ್ಟೇ ನೋಡಿ. ರೂಟ್ ಆಗಿದ್ದರೂ ಒಂದು ಫೈಲ್ ಅಳಿಸಲು ಬಾರದಿದ್ದರೆ ‘ಎಲ್‌ಎಸ್‌ಆಟ್ರ್’ ಹೊಡೆಯಿರಿ. ‘ಐ’ ಗುರುತು ಹಾಕಿ ಭದ್ರಪಡಿಸುವುದು ಮೈನರ್ ಕೂರಿಸುವವರ ಚಾಳಿ.

ಓಡುತ್ತಿರುವುದು. ‘ಎಸ್‌ಎಸ್’ನಲ್ಲಿ ಹೊರಗಿನ ಸಂಪರ್ಕಗಳು. /ಪ್ರಾಕ್ ಒಳಗೆ ಪ್ರತಿ ಪ್ರಾಸೆಸ್ಸಿನ ‘ಎಕ್ಸ್‌ಇ’ ಲಿಂಕ್ ನೋಡಿ: ಮುಂದೆ ‘ಡಿಲೀಟೆಡ್’ ಎಂದಿದ್ದು ದಾರಿ /ಟಿಎಂಪಿ ಅಥವಾ /ಡೆವ್/ಎಸ್‌ಎಚ್‌ಎಂ ಆಗಿದ್ದರೆ ಬಹುತೇಕ ಕಳ್ಳನೇ. ಹೆಸರಿಗೆ ಮರುಳಾಗಬೇಡಿ. ಕರ್ನಲಿನ ಒಂದು ಸಹಜ ಥ್ರೆಡ್ಡಿನ ಹೆಸರು ‘ಕೆಡೆವ್‌ಟಿಎಂಪಿಎಫ್‌ಎಸ್’. ಕಿನ್‌ಸಿಂಗ್ ಮಾಲ್‌ವೇರಿನ ಮೈನರ್ ಅದಕ್ಕೊಂದು ‘ಐ’ ಅಂಟಿಸಿಕೊಂಡು ‘ಕೆಡೆವ್‌ಟಿಎಂಪಿಎಫ್‌ಎಸ್‌ಐ’ ಎಂದು ಓಡುತ್ತದೆ. ನಿಜವಾದ ಕರ್ನಲ್ ಥ್ರೆಡ್ಡಿಗೆ ‘ಎಕ್ಸ್‌ಇ’ ಲಿಂಕ್ ಖಾಲಿ. ಪರೀಕ್ಷೆ ಅಷ್ಟೇ.

ಬದಲಾದ ಪ್ರೋಗ್ರಾಂ. ‘ಆರ್‌ಪಿಎಂ’ಗೆ ‘ವಿಎ’ (ವಿ ದೊಡ್ಡಕ್ಷರ, ಎ ಸಣ್ಣಕ್ಷರ), ಡೆಬಿಯನ್‌ನಲ್ಲಿ ‘ಡೆಬ್‌ಸಮ್ಸ್’. ಕಾನ್ಫಿಗ್ ಫೈಲುಗಳು ಬದಲಾಗಿರುವುದು ಸಹಜ. ‘ಎಸ್‌ಎಸ್‌ಎಚ್‌ಡಿ’, ‘ಪಿಎಸ್’, ‘ಲಾಗಿನ್’ನಂಥ ಪ್ರೋಗ್ರಾಂಗಳ ಮೊತ್ತ ಬದಲಾಗಿದ್ದರೆ ಸಹಜವಲ್ಲ. ಫೈಲಿನ ತಾರೀಕು ನೋಡುವಾಗ ‘ಸಿಟೈಮ್’ ನೋಡಿ: ‘ಟಚ್’ ಕಮಾಂಡಿನಿಂದ ‘ಎಂಟೈಮ್’ (ಒಳಗಿನದು ಬದಲಾದ ಹೊತ್ತು) ಹಿಂದಕ್ಕೆ ಹಾಕಬಹುದು, ಸಿಟೈಮ್ (ಫೈಲಿನ ವಿವರ ಬದಲಾದ ಹೊತ್ತು) ಹಾಗೆ ಬದಲಾಗುವುದಿಲ್ಲ. ಎಂಟೈಮ್ 2019, ಸಿಟೈಮ್ ನಿನ್ನೆ ರಾತ್ರಿ 3:05, ನಡುವೆ ಅಪ್‌ಡೇಟ್ ಏನೂ ಇಲ್ಲ: ಅಲ್ಲೇ ಅಗೆಯಿರಿ.

ಕರ್ನಲಿನ ‘ಟೇಂಟೆಡ್’ ಸಂಖ್ಯೆ ಸೊನ್ನೆಯಲ್ಲದಿದ್ದರೆ 4096 ಹೊರಗಿನ ಮಾಡ್ಯೂಲ್, 8192 ಸಹಿ ಇಲ್ಲದ ಮಾಡ್ಯೂಲ್. ಎನ್‌ವಿಡಿಯಾ ಅಥವಾ ವರ್ಚುವಲ್‌ಬಾಕ್ಸ್ ಇದ್ದರೆ ಇದು ಮಾಮೂಲು. ಎರಡೂ ಇಲ್ಲದ, ‘ಎಲ್‌ಎಸ್‌ಮಾಡ್’ನಲ್ಲಿ ಏನೂ ಕಾಣದ ಯಂತ್ರದಲ್ಲಿ ಈ ಸಂಖ್ಯೆ ಇದ್ದರೆ ರೂಟ್‌ಕಿಟ್ (ತನ್ನನ್ನೇ ಮರೆಮಾಡಿಕೊಳ್ಳುವ ಕಳ್ಳ ಪ್ರೋಗ್ರಾಂ) ಅನುಮಾನ. ‘ಆರ್‌ಕೆಹಂಟರ್’, ‘ಸಿಎಚ್‌ಕೆರೂಟ್‌ಕಿಟ್’ ಓಡಿಸಬಹುದು, ಆದರೆ ಅವು ಸುಳ್ಳು ಗಂಟೆ ಬಹಳ ಬಾರಿಸುತ್ತವೆ. ಏನೂ ಸಿಗಲಿಲ್ಲ ಎಂದರೆ ಯಂತ್ರ ಸ್ವಚ್ಛ ಎಂದಲ್ಲ. ವೆಬ್‌ಸೈಟ್ ಇದ್ದರೆ ಚಿತ್ರಗಳ ಅಪ್‌ಲೋಡ್ ಫೋಲ್ಡರಿನಲ್ಲಿ ಪಿಎಚ್‌ಪಿ ಫೈಲ್ ಇದೆಯೇ ನೋಡಿ, ಇರಬಾರದು.

## ಹಂತ 8: ಗುರುತು ಸಿಕ್ಕಿದರೆ

ಕಂಡದ್ದನ್ನು ಅಳಿಸಿ ಅದೇ ಯಂತ್ರವನ್ನು ಮುಂದುವರಿಸುವುದು ಬೇಡ. ರೂಟ್ ಹೋದ ಯಂತ್ರದಲ್ಲಿ ನೀವು ಕಂಡದ್ದು ಎಷ್ಟು, ಕಾಣದ್ದು ಎಷ್ಟು ಎಂದು ಹೇಳಲಾಗುವುದಿಲ್ಲ. ಹೊಸ ಡಿಸ್ಕಿಗೆ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಬ್ಯಾಕಪ್‌ನಿಂದ ಡೇಟಾ ಮಾತ್ರ ತನ್ನಿ, ಪ್ರೋಗ್ರಾಂ ಬೇಡ. ನುಸುಳಿದ ಮೊದಲ ದಿನಕ್ಕಿಂತ ಹಿಂದಿನ ಬ್ಯಾಕಪ್ ಇರಲಿ. ರೀಬೂಟ್ ಆದ ರಾತ್ರಿಯೇ ಬಂದ ಎಂದುಕೊಳ್ಳಬೇಡಿ, ವಾರಗಳಿಂದ ಒಳಗೆ ಕೂತಿರಬಹುದು. ಪಾಸ್‌ವರ್ಡ್, ಕೀ, ಡೇಟಾಬೇಸ್ ಗುಪ್ತಪದ ಎಲ್ಲವನ್ನೂ ಬದಲಿಸಿ, ಬೇರೆ ಯಂತ್ರದಿಂದ, ಹೊಸ ಸರ್ವರ್ ಎದ್ದ ಮೇಲೆ. ಹಳೆಯದು ಓಡುತ್ತಿರುವಾಗಲೇ ಬದಲಿಸಿದರೆ ಹೊಸ ಪಾಸ್‌ವರ್ಡೂ ಅವನ ಕೈಗೇ ಹೋಗುತ್ತದೆ. ಐಪಿಎಂಐ ಪಾಸ್‌ವರ್ಡ್ ಮರೆಯಬೇಡಿ.

ವರದಿಯ ಗಡುವು ಚಿಕ್ಕದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು. ಕಂಪನಿಗಳೂ ಡೇಟಾಸೆಂಟರುಗಳೂ ಇದರೊಳಗೆ ಬರುತ್ತವೆ. ಪೂರ್ತಿ ತನಿಖೆ ಮುಗಿಯಲಿ ಎಂದು ಕಾಯಬೇಡಿ; ಕೈಯಲ್ಲಿರುವಷ್ಟು ಬರೆದು ಕಳಿಸಿ, ಉಳಿದದ್ದು ಆಮೇಲೆ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಿ, ಅಲ್ಲಿ ಗಂಟೆಗಳಲ್ಲ, ನಿಮಿಷಗಳ ಲೆಕ್ಕ.

## ಹಂತ 9: ಮುಂದಿನ ರೀಬೂಟ್ ಬಾಯಿಬಿಡುವಂತೆ

ಹೊಸ ಯಂತ್ರದಲ್ಲಿ ಮೊದಲ ದಿನವೇ ಮಾಡುವ ಕೆಲಸಗಳು. ಜರ್ನಲ್‌ಡಿಯ ‘ಸ್ಟೋರೇಜ್’ (ಮೊದಲಕ್ಷರ ದೊಡ್ಡದು) ಸೆಟ್ಟಿಂಗನ್ನು ‘ಪರ್ಸಿಸ್ಟೆಂಟ್’ ಮಾಡಿ. ಲಾಗುಗಳನ್ನು ಬೇರೊಂದು ಯಂತ್ರಕ್ಕೂ ಕಳಿಸಿ. ಸರ್ವರಿನಲ್ಲಿ ಅಳಿಸಿದವನಿಗೆ ಅಲ್ಲಿಯದು ಸಿಗಬಾರದು. ಸರ್ಟ್-ಇನ್‌ನ ಅದೇ ನಿರ್ದೇಶನ 180 ದಿನಗಳ ಲಾಗ್ ಇಡಲೂ ಹೇಳುತ್ತದೆ, ಡಿಸ್ಕ್ ಕೊಳ್ಳುವಾಗ ಲೆಕ್ಕಕ್ಕಿರಲಿ. ‘ಕರ್ನಲ್.ಪ್ಯಾನಿಕ್’ 10 ಇಡಿ, ಕೆಡಂಪ್ ಹಾಕಿ; 8 ರಿಂದ 16 ಜಿಬಿ ಮೆಮೊರಿಯ ಯಂತ್ರಕ್ಕೆ 256 ಎಂಬಿ ಮೀಸಲಿಟ್ಟು ಶುರುಮಾಡಬಹುದು.

ಕೆಡಂಪ್ ಹಾಕಿದ್ದೇವೆ ಎಂದು ಬಿಟ್ಟವರಿಗೆ ಬೇಕಾದ ದಿನ ಅದು ಕೈಕೊಡುತ್ತದೆ, ಮೀಸಲು ಮೆಮೊರಿ ಸಾಲದೆ ಡಂಪ್ ಖಾಲಿ ಬರುತ್ತದೆ. ಬ್ಯಾಕಪ್ ತೆಗೆದು, ಹೋಟೆಲಿನ ಕೊನೆಯ ಬಿಲ್ ಆದ ಮೇಲೆ ‘ಸಿಂಕ್’ ಹೊಡೆದು, /ಪ್ರಾಕ್ ಒಳಗಿನ ‘ಸಿಸ್‌ಆರ್‌ಕ್ಯೂ-ಟ್ರಿಗರ್’ ಫೈಲಿಗೆ ‘ಸಿ’ ಎಂಬ ಒಂದೇ ಅಕ್ಷರ ಬರೆಯಿರಿ. ಯಂತ್ರ ಆ ಕ್ಷಣವೇ ಬೀಳುತ್ತದೆ. ಎದ್ದ ಮೇಲೆ /ವಾರ್/ಕ್ರ್ಯಾಶ್ ತೆರೆದು ಇಂದಿನ ತಾರೀಕಿನ ಫೋಲ್ಡರ್ ಇದೆಯೇ, ಒಳಗಿನ ಫೈಲಿನ ಗಾತ್ರ ಸೊನ್ನೆಯೇ ಎಂದು ನೋಡಿ. ಸೊನ್ನೆಯಾದರೆ ಮೀಸಲು ಮೆಮೊರಿಯನ್ನು 512 ಎಂಬಿಗೆ ಏರಿಸಿ ಮರುದಿನ ರಾತ್ರಿ ಮತ್ತೆ ಬೀಳಿಸಿ.